ಕೆಟ್ಟ ಸುದ್ದಿ ಯಜಮಾನರಿಗೆ ಬೇಗ ತಲುಪಬೇಕಾದರೆ

ಮಂಡ್ಯದ ಆಲೆಮನೆಯಲ್ಲಿ ಪಾಕ ಹದ ತಪ್ಪುತ್ತಿದೆ ಅಂತ ಮೊದಲು ಗೊತ್ತಾಗುವುದು ಕೊಪ್ಪರಿಗೆ ಪಕ್ಕ ನಿಂತವರಿಗೆ. ಮೈಸೂರಿನ ಅಗರಬತ್ತಿ ಘಟಕದಲ್ಲಿ ಕಡ್ಡಿಯಿಂದ ಮಸಾಲೆ ಉದುರುತ್ತಿರುವುದು ಮೊದಲು ಕಾಣುವುದು ಪ್ಯಾಕಿಂಗ್‌ಗೆ ಕೂತ ಹೆಂಗಸರಿಗೆ. ಅವರು ಆಗಲೇ ಬಾಯಿಬಿಟ್ಟರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಇಲ್ಲದಿದ್ದರೆ ಅಂಗಡಿಯವರು ಸರಕು ವಾಪಸ್ ಕಳಿಸಿದ ಮೇಲೆ ಯಜಮಾನರಿಗೆ ತಿಳಿಯುತ್ತದೆ.

ಅವರು ಯಾಕೆ ಹೇಳುವುದಿಲ್ಲ? ಎಷ್ಟೋ ಸಲ ಕಾರಣ ಯಜಮಾನರ ಮುಖ. ಹೋದ ಸಲ ಹೇಳಿದಾಗ ಆ ಮುಖ ಹೇಗಾಯಿತು ಅನ್ನುವುದು ಎಲ್ಲರಿಗೂ ನೆನಪಿರುತ್ತದೆ, ಯಜಮಾನರೊಬ್ಬರನ್ನು ಬಿಟ್ಟು. ಹತ್ತಿಪ್ಪತ್ತು ಜನರನ್ನು ಇಟ್ಟುಕೊಂಡು ಉದ್ಯಮ ನಡೆಸುವವರು ತಮ್ಮನ್ನು ತಾವು ಅರಿಯಲು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

1955ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಒಂದು ಸರಳ ಚಿತ್ರ ಕೊಟ್ಟರು. ಹೆಸರು ಜೋಹರಿ ಕಿಟಕಿ. ಅದರಲ್ಲಿ ನಾಲ್ಕು ಮನೆ. ನಿಮ್ಮ ಬಗ್ಗೆ ನಿಮಗೂ ಇತರರಿಗೂ ಗೊತ್ತಿರುವುದು, ನಿಮಗೆ ಮಾತ್ರ ಗೊತ್ತಿರುವುದು, ಇತರರಿಗೆ ಮಾತ್ರ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು. ಉದ್ಯಮಿಗೆ ದುಬಾರಿ ಆಗುವುದು ಮೂರನೆಯದು. ಒಬ್ಬರೇ ಕೂತು ಎಷ್ಟು ಯೋಚಿಸಿದರೂ ಆ ಮನೆ ತುಂಬುವುದಿಲ್ಲ.

ಮೊದಲು ಒಂದು ಪುಸ್ತಕ ಇಡಿ

ಎರಡು ವಾರ ಸಾಕು. ಸಿಟ್ಟು ಬಂದಾಗಲೆಲ್ಲ ಹೊತ್ತು ಎಷ್ಟು, ಏನಾಯಿತು, ನೀವು ಏನಂದಿರಿ, ಎದುರಿಗೆ ಯಾರಿದ್ದರು ಅಂತ ಬರೆಯಿರಿ. ಯಾಕೆ ಅಂದೆ ಅನ್ನುವ ಸಮಜಾಯಿಷಿ ಬೇಡ. ಆಮೇಲೆ ಒಟ್ಟಿಗೆ ಓದಿ ನೋಡಿ. ಹಸಿದ ಹೊತ್ತಿನಲ್ಲೇ ಜಾಸ್ತಿ ಇರಬಹುದು. ಬರಬೇಕಾದ ದುಡ್ಡು ಬಾರದೆ ಶನಿವಾರದ ಬಟವಾಡೆ ಹತ್ತಿರ ಬಂದಾಗ ಇರಬಹುದು. ಆ ಹೊತ್ತಿನಲ್ಲಿ ಕೆಲಸ ಪರೀಕ್ಷೆ ಮಾಡಲು ಹೋಗಬೇಡಿ.

ಆಮೇಲೆ ಕೇಳಿ, ಆದರೆ ಸಭೆ ಕರೆದಲ್ಲ

"ನನ್ನಲ್ಲಿ ಏನಾದ್ರೂ ತಪ್ಪಿದ್ರೆ ಹೇಳಿ" ಅಂದರೆ "ಹಂಗೇನಿಲ್ಲ ಬುಡಿ ಅಣ್ಣ" ಅನ್ನುತ್ತಾರೆ, ಅಲ್ವಾ? ಸಂಬಳ ಕೊಡುವವರ ತಪ್ಪನ್ನು ಮುಖಕ್ಕೆ ಹೇಳಲು ಯಾರಿಗಾದರೂ ಕಷ್ಟ. ಹಾಗಾಗಿ ಗುಣ ಕೇಳಬೇಡಿ, ಕೆಲಸ ಕೇಳಿ. ಅವರು ಕೂತಲ್ಲಿಗೇ ಹೋಗಿ, ಒಬ್ಬೊಬ್ಬರನ್ನೇ. "ಅಕ್ಕ, ಈ ವಾರ ನಾನು ಮಾಡಿದ್ರಲ್ಲಿ ನಿಮ್ಮ ಕೆಲಸಕ್ಕೆ ಅಡ್ಡ ಬಂದಿದ್ದು ಯಾವುದು?" ಮೊದಲು ಚಿಕ್ಕದೇನೋ ಹೇಳುತ್ತಾರೆ. "ಎಣಿಸ್ತಾ ಇರುವಾಗ ಕರೀತೀರ, ಲೆಕ್ಕ ತಪ್ಪುತ್ತೆ." ಸುಮ್ನೆ ಕೇಳಿಸಿಕೊಳ್ಳಿ. ವಾದ ಬೇಡ. ಅದನ್ನು ಅದೇ ವಾರ ಸರಿಮಾಡಿ. ಅದು ಸರಿಯಾಗಿದ್ದು ಕಂಡ ಮೇಲೆ ದೊಡ್ಡ ಮಾತು ಬರುತ್ತದೆ.

ಕೆಟ್ಟ ಸುದ್ದಿ ಬಂದಾಗ ಮೊದಲ ಮಾತು

ಎಲ್ಲಕ್ಕಿಂತ ಕಷ್ಟದ್ದು ಇದು. 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್ಸನ್ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬಹುದು ಅಂದುಕೊಂಡಿದ್ದರು. ಲೆಕ್ಕದಲ್ಲಿ ಅಲ್ಲೇ ಹೆಚ್ಚು ತಪ್ಪು ಕಂಡವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಅನ್ನುವುದು ಅವರು ಕಂಡುಕೊಂಡ ಕಾರಣ. ನಿಮ್ಮ ಘಟಕದಲ್ಲಿ ಯಾರೂ ಯಾವ ತಪ್ಪನ್ನೂ ಹೇಳುತ್ತಿಲ್ಲ ಅಂದರೆ ನೆಮ್ಮದಿಪಡಬೇಡಿ.

ಯಾರಾದರೂ ಬಂದು "ಈ ಪಾಕ ಕೆಟ್ಟಿತು" ಅಂದಾಗ ಬಾಯಿಗೆ ಮೊದಲು ಬರುವುದು "ಯಾರು ಮಾಡಿದ್ದು?" ಅದನ್ನು ತಡೆಯಿರಿ. "ಹೇಳಿದ್ದು ಒಳ್ಳೇದಾಯ್ತು, ಈಗ ಏನು ಉಳಿಸಿಕೊಳ್ಳಬಹುದು?" ಅನ್ನಿ. ಯಾರು, ಯಾಕೆ ಅನ್ನುವುದನ್ನು ಕೆಲಸ ತಹಬಂದಿಗೆ ಬಂದ ಮೇಲೆ ವಿಚಾರಿಸಿ.

ಎಲ್ಲವನ್ನೂ ಕ್ಷಮಿಸಿ ಅಂತ ಹೇಳುತ್ತಿಲ್ಲ. ಮತ್ತೆ ಮತ್ತೆ ಅದೇ ಅಸಡ್ಡೆ ಕಂಡರೆ ಹೇಳಲೇಬೇಕು. ಆದರೆ ಪಕ್ಕಕ್ಕೆ ಕರೆದು ಹೇಳಿ. ನಮ್ಮ ಕಡೆ ಒಂದೇ ಊರಿನವರು, ಅತ್ತಿಗೆ ನಾದಿನಿಯರು ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಬರುತ್ತಾರೆ. ಅತ್ತಿಗೆ ಮುಂದೆ ಬೈಸಿಕೊಂಡ ಮಾತು ಸಂಜೆಗೆ ಊರು ಸೇರುತ್ತದೆ. "ನಿಮಗೆ ಜವಾಬ್ದಾರಿಯೇ ಇಲ್ಲ" ಅನ್ನುವುದಕ್ಕಿಂತ "ಇವತ್ತು ತೂಕ ನೋಡದೆ ಡಬ್ಬಿ ಮುಚ್ಚಿದ್ದೀರಿ" ಅನ್ನಿ. ಎರಡನೆಯದನ್ನು ನಾಳೆ ತಿದ್ದಿಕೊಳ್ಳಬಹುದು. ಮೊದಲನೆಯದನ್ನು ಹೇಗೆ ತಿದ್ದಿಕೊಳ್ಳುತ್ತಾರೆ?

ಬಟವಾಡೆ ಹೊತ್ತಿಗೆ ಸರಿಯಾಗಿ ಆಗಬೇಕು. ಊರಹಬ್ಬದ ರಜೆ ದಸರಾ ಆರ್ಡರ್ ಬರುವ ಮೊದಲೇ ಮಾತಾಡಿಕೊಂಡಿರಬೇಕು. ಇವೆರಡೂ ಇಲ್ಲದ ಕಡೆ ಮೇಲೆ ಹೇಳಿದ್ದು ಯಾವುದೂ ನಡೆಯುವುದಿಲ್ಲ.

ಉಪಯೋಗ ಆಗುತ್ತಿದೆಯೇ ಅಂತ ತಿಳಿಯಲು ಅದೇ ಪುಸ್ತಕ ಸಾಕು. ಪ್ರತಿ ತೊಂದರೆಗೂ ಎರಡು ಹೊತ್ತು ಬರೆಯಿರಿ: ಅದು ಆಗಿದ್ದು ಯಾವಾಗ, ನಿಮಗೆ ಗೊತ್ತಾಗಿದ್ದು ಯಾವಾಗ. ಇವೆರಡರ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಇಳಿಯಬೇಕು. ಇಳಿಯದಿದ್ದರೆ, ಸುದ್ದಿ ಯಾರ ಮೂಲಕ ಬರುತ್ತಿದೆ ನೋಡಿ. ಎಲ್ಲವೂ ಮೇಸ್ತ್ರಿ ಒಬ್ಬರಿಂದಲೇ ಬರುತ್ತಿದ್ದರೆ ಜನ ಈಗ ಅವರಿಗೆ ಹೆದರುತ್ತಿರಬಹುದು. ಅವರ ಜೊತೆ ಕೂತು, ಇದನ್ನೆಲ್ಲ ಅವರಿಗೂ ಕಲಿಸಿ.