ಕುಡಿತ ಬಿಟ್ಟ ಮೊದಲ ವಾರ

ಬೆಳಿಗ್ಗೆ ಅಂಗಿ ಗುಂಡಿ ಹಾಕೋಕೆ ನನಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಬೆರಳು ನಡುಗಿ ಗುಂಡಿ ಕಾಜಾದೊಳಗೆ ಹೋಗುತ್ತಲೇ ಇರಲಿಲ್ಲ. ಒಂದು ಪೆಗ್ ಒಳಗೆ ಹೋದರೆ ನಡುಕ ನಿಲ್ಲುತ್ತಿತ್ತು. ಅದನ್ನೇ ಔಷಧಿ ಅಂದುಕೊಂಡಿದ್ದೆ.

ಎಷ್ಟು ಕುಡಿದರೂ ಇವನಿಗೆ ಏರೋದೇ ಇಲ್ಲ ಅಂತ ಗೆಳೆಯರು ಹೊಗಳುತ್ತಿದ್ದರು. ನನಗೂ ಹೆಮ್ಮೆ. ಏರದೇ ಇರೋದು ಗಟ್ಟಿತನ ಅಲ್ಲ, ಮಿದುಳು ಹೆಂಡಕ್ಕೆ ಒಗ್ಗಿಹೋಗಿದೆ ಅನ್ನೋದರ ಗುರುತು ಅಂತ ಆಗ ಗೊತ್ತಿರಲಿಲ್ಲ.

ಒಂದು ದಿನ ಹೆಂಡತಿಗೆ ಮಾತು ಕೊಟ್ಟು, ಇದ್ದ ಬಾಟಲಿಯನ್ನೆಲ್ಲ ಸಿಂಕಿಗೆ ಸುರಿದೆ. ಡಾಕ್ಟರ್ ಹತ್ತಿರ ಹೋಗೋಕೆ ನಾಚಿಕೆ. ಮನಸ್ಸು ಗಟ್ಟಿ ಮಾಡಿದರೆ ಸಾಕು ಅಲ್ವಾ ಅಂದುಕೊಂಡೆ. ಸಂಜೆಯಾಗುವಷ್ಟರಲ್ಲಿ ಮೈಯೆಲ್ಲ ಬೆವರು, ಎದೆ ಡವಡವ. ರಾತ್ರಿ ಒಂದು ಗಳಿಗೆ ಕಣ್ಣು ಮುಚ್ಚಲಿಲ್ಲ. ಮರುದಿನ ರಾತ್ರಿ ಫಿಟ್ಸ್ ಬಂತು. ನನಗೆ ನೆನಪಿರೋದು ಆಸ್ಪತ್ರೆಯ ಸೀಲಿಂಗ್ ಫ್ಯಾನ್, ಪಕ್ಕದಲ್ಲಿ ಅತ್ತು ಅತ್ತು ಕಣ್ಣು ಊದಿದ್ದ ಅವಳು.

ಡಾಕ್ಟರ್ ಬಿಡಿಸಿ ಹೇಳಿದರು. ಮದ್ಯ ಮಿದುಳಿನ ಓಟಕ್ಕೆ ಬ್ರೇಕ್ ಹಾಕುತ್ತದೆ. ದಿನಾ ಕುಡಿದರೆ ಮಿದುಳು ಆ ಬ್ರೇಕ್ ಮೀರಿ ಓಡೋದನ್ನು ಕಲಿಯುತ್ತದೆ. ತಟ್ಟನೆ ಬ್ರೇಕ್ ತೆಗೆದರೆ ಹಿಡಿತ ತಪ್ಪುತ್ತದೆ. ಕೊನೆಯ ಪೆಗ್ ಆಗಿ 6ರಿಂದ 12 ಗಂಟೆಯೊಳಗೆ ನಡುಕ ಶುರು. ಫಿಟ್ಸ್ ಬರೋದು ಹೆಚ್ಚಾಗಿ ಮೊದಲ ಎರಡು ದಿನದಲ್ಲಿ. ಆಮೇಲೆ ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ. ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ದಿನಾ ನಿದ್ರೆ ಮಾತ್ರೆ ನುಂಗುವವರು ಒಮ್ಮೆಲೇ ನಿಲ್ಲಿಸಿದರೂ ಹೀಗೇ ಅಪಾಯ ಅಂದರು.

ಒಂದು ವಾರ ಆಸ್ಪತ್ರೆಯಲ್ಲಿದ್ದೆ. ನಡುಕ, ಫಿಟ್ಸ್ ತಡೆಯೋ ಮಾತ್ರೆ ಕೊಟ್ಟು, ಅದನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಬಂದರು. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಕುಡುಕರ ಮೈಯಲ್ಲಿ ಅದು ತೀರಾ ಕಡಿಮೆಯಾದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹಾಳಾಗಬಹುದಂತೆ.

ಮನೆಗೆ ಬಂದ ಮೇಲೆ ಸಂಜೆ ಏಳು ಗಂಟೆ ಅಂದರೆ ಭಯ. ಆ ಹೊತ್ತಿಗೆ ಸರಿಯಾಗಿ ಆಸೆ ಎದ್ದು ಕೂರುತ್ತಿತ್ತು. ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ಸಮಯ ಬರೆದೆ: ಶುರುವಾಗಿದ್ದು 7:05, ಇಳಿದಿದ್ದು 7:25. ಹತ್ತಾರು ಸಲ ಬರೆದ ಮೇಲೆ ಗೊತ್ತಾಯಿತು, ಅದು ಏರುತ್ತದೆ, ಸುಮ್ನೆ ಕಾದರೆ ತಾನಾಗಿ ಇಳಿಯುತ್ತದೆ. ಹಸಿದಿದ್ದಾಗ ಜಾಸ್ತಿ. ಅದಕ್ಕೆ ಆರೂವರೆಗೇ ಊಟ ಮುಗಿಸಿ ನಡೆಯೋಕೆ ಹೊರಡುತ್ತಿದ್ದೆ.

ನಾಲ್ಕನೇ ತಿಂಗಳು ಒಮ್ಮೆ ಜಾರಿ ಮತ್ತೆ ಕುಡಿದೆ. ಅವತ್ತು ತುಂಬಾ ಅತ್ತೆ. ಮರುದಿನವೇ ಡಾಕ್ಟರ್ ಹತ್ತಿರ ಹೋದೆ, ಅವರು ಬೈಯಲಿಲ್ಲ. ಆಸೆ ಕಡಿಮೆ ಮಾಡೋ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟರು. ನನಗೆ ಅದು ತುಂಬಾ ನೆರವಾಯಿತು.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ಕುಡಿತ ಬಿಡಿಸೋಕೆ ಅಂತ ಊಟದಲ್ಲಿ ಗುಟ್ಟಾಗಿ ಮಾತ್ರೆ ಬೆರೆಸಬೇಡಿ. ಕುಡಿದರೆ ಮೈಗೆ ಆಗದಂತೆ ಮಾಡೋ ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಈಗ ಯಾರಾದರೂ ಬಿಡಬೇಕು ಅಂತ ಫೋನ್ ಮಾಡಿದರೆ ನಾನು ಮೊದಲು ಕೇಳೋದು ಇಷ್ಟೇ. ಕೊನೆಯ ಪೆಗ್ ಯಾವಾಗ? ಬೆಳಿಗ್ಗೆ ಕೈ ನಡುಗುತ್ತಾ? ಹಿಂದೆ ಫಿಟ್ಸ್ ಬಂದಿತ್ತಾ? ನಡುಕ ಇದೆ ಅಂದರೆ, ಒಬ್ಬನೇ ಮನೆಯಲ್ಲಿ ಕೂತು ಬಿಡೋಕೆ ಹೋಗಬೇಡ, ಆಸ್ಪತ್ರೆಗೆ ಹೊರಡು, ನಾನೂ ಬರ್ತೀನಿ ಅನ್ನುತ್ತೇನೆ.