ಗುಳಿಗೆ ಕೇಳಿಕೊಂಡು ಬರುವ ಗಂಡಸರು

ಧಾರವಾಡದಲ್ಲಿ ನಾನು ಮನಶ್ಶಾಸ್ತ್ರಜ್ಞ. ನನ್ನ ಕೋಣೆಗೆ ಯಾವ ಗಂಡಸೂ "ಲೈಂಗಿಕ ಸಮಸ್ಯೆ" ಅಂತ ಹೇಳಿಕೊಂಡು ಬರುವುದಿಲ್ಲ. ನಿದ್ದೆ ಇಲ್ಲ, ಸುಸ್ತು, ತಲೆ ಭಾರ ಅಂತ ಬರುತ್ತಾರೆ. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಸರ, ಇನ್ನೊಂದು ಮಾತಿತ್ರಿ" ಅಂತಾರೆ. ಬಂದಿರುವುದೇ ಆ ಮಾತಿಗೆ. ಅಷ್ಟರೊಳಗೆ ಗೋಡೆ ಮೇಲಿನ ಜಾಹೀರಾತು ನಂಬಿ ಪುಡಿ, ಲೇಹ್ಯ, ಎಣ್ಣೆಗೆ ದುಡ್ಡು ಸುರಿದಾಗಿರುತ್ತದೆ. "ಧಾತು ಹೋಗ್ತದ, ಅದಕ್ಕ ಶಕ್ತಿ ಇಲ್ಲ" ಅನ್ನುವವರಂತೂ ವಾರ ತಪ್ಪದೆ ಸಿಗುತ್ತಾರೆ. ವೀರ್ಯ ಹೋಗಿ ಶಕ್ತಿ ಕುಂದುತ್ತದೆ ಅನ್ನುವ ಈ ಭಯಕ್ಕೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲೇ ಧಾತ್ ಸಿಂಡ್ರೋಮ್ ಅಂತ ಹೆಸರಿಟ್ಟಿದ್ದರು. ವೀರ್ಯ ಹೋದರೆ ರಕ್ತ ಕಡಿಮೆಯಾಗುವುದಿಲ್ಲ. ಆದರೆ ಹಾಗೆ ಹೇಳಿ ಕಳಿಸಿದರೆ ಭಯ ಹೋಗುತ್ತಾ? ಹೋಗಲ್ಲ.

ಮಾತಿಗೆ ಮೊದಲು ದೇಹದ ತಪಾಸಣೆ. ಸಕ್ಕರೆ ಕಾಯಿಲೆ, ಬಿಪಿ, ಕುಡಿತ, ಸಿಗರೇಟು, ಕೆಲವು ಮಾತ್ರೆಗಳು, ಎಲ್ಲವೂ ನಿಮಿರುವಿಕೆಗೆ ಅಡ್ಡ ಬರುತ್ತವೆ. ವಯಸ್ಸಾದವರಲ್ಲಿ ಇದು ಹೃದಯದ ರಕ್ತನಾಳ ಕಟ್ಟುತ್ತಿರುವ ಮುನ್ಸೂಚನೆಯೂ ಆಗಿರಬಹುದು. ವೈದ್ಯರು ನೋಡಿದ ಮೇಲೆಯೇ ನಾನು ಮುಂದುವರಿಯುತ್ತೇನೆ. 1998ರಲ್ಲಿ ಬಂದ ಸಿಲ್ಡೆನಾಫಿಲ್ (ವಯಾಗ್ರ) ಒಳ್ಳೆಯ ಔಷಧವೇ. ಆದರೆ ಎದೆನೋವಿಗೆ ನೈಟ್ರೇಟ್ ಗುಳಿಗೆ ತಗೊಳ್ಳುವವರು ಅದನ್ನು ನುಂಗಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಗೆಳೆಯ ಕೊಟ್ಟ ಅಂತ ಸುಮ್ನೆ ತಗೊಳ್ಳುವ ವಸ್ತು ಅಲ್ಲ ಅದು.

ದೇಹ ಸರಿ ಇದ್ದರೆ ಆಮೇಲೆ ನನ್ನ ಕೆಲಸ. ಅಸ್ತಿತ್ವವಾದಿ ಮನೋಚಿಕಿತ್ಸೆ ಅಂತ ಅದರ ಹೆಸರು. ಅಮೆರಿಕದ ಮನೋವೈದ್ಯ ಅರ್ವಿನ್ ಯಾಲೋಮ್ 1980ರಲ್ಲಿ ನಾಲ್ಕು ಸಂಗತಿಗಳನ್ನು ಮುಂದಿಟ್ಟರು: ಸಾವು, ಸ್ವಾತಂತ್ರ್ಯ, ಒಂಟಿತನ, ಬದುಕಿಗೆ ಅರ್ಥ ಕಾಣದಿರುವುದು. ಯಾರೂ ಇವುಗಳಿಂದ ತಪ್ಪಿಸಿಕೊಳ್ಳಲಾರರು. ಹಾಸಿಗೆಯ ತೊಂದರೆ ಹಿಡಿದು ಎಳೆದರೆ ಬಹಳ ಸಲ ಈ ನಾಲ್ಕರಲ್ಲಿ ಒಂದು ಹೊರಗೆ ಬರುತ್ತದೆ. (ಮುಂದೆ ಹೇಳುವವರ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಒಬ್ಬ ಹುಡುಗ ಬಂದ. ಹುಬ್ಬಳ್ಳಿಯಲ್ಲಿ ಅಪ್ಪನ ಕಾಳಿನ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಹೊಸದಾಗಿ ಮದುವೆಯಾಗಿದೆ, ಆಷಾಢಕ್ಕೆ ಹೆಂಡತಿ ತವರಿಗೆ ಹೋಗಿದ್ದಾಳೆ, ಇದುವರೆಗೆ ಒಂದು ಸಲವೂ ಆಗಿಲ್ಲ. ಬೆಳಗಿನ ಜಾವ ನಿಮಿರುತ್ತದೆ, ಒಬ್ಬನೇ ಇದ್ದಾಗ ತೊಂದರೆ ಇಲ್ಲ. ಅಂದರೆ ನರಗಳೂ ರಕ್ತದ ಓಟವೂ ಬಹುಮಟ್ಟಿಗೆ ಸರಿಯಾಗಿಯೇ ಇವೆ. "ಗುಳಗಿ ಕೊಡ್ರಿ ಸರ, ಆಷಾಢ ಮುಗಿಯೂದ್ರಾಗ ಸರಿ ಆಗಬೇಕು" ಅಂದ.

ಯಾವ ಕೋಣೆಯಲ್ಲಿ ಮಲಗುತ್ತೀರಿ ಅಂತ ಕೇಳಿದೆ. ಮನೆಯಲ್ಲಿ ಬಾಗಿಲು, ಚಿಲಕ ಸರಿಯಾಗಿ ಇರುವುದು ಒಂದೇ ಕೋಣೆಗೆ. ಅಪ್ಪ ಕಾಯಿಲೆ ಬಿದ್ದು ತೀರಿಕೊಂಡದ್ದು ಅದೇ ಕೋಣೆಯಲ್ಲಿ, ಅದೇ ಮಂಚದ ಮೇಲೆ. ಸಾವಾದ ಮನೆಯಲ್ಲಿ ವರ್ಷದೊಳಗೆ ಶುಭಕಾರ್ಯ ಆಗಬೇಕು ಅಂತ ಹಿರಿಯರು ಗಡಿಬಿಡಿಯಿಂದ ಮದುವೆ ಮಾಡಿದ್ದರು. ಅಂಗಡಿ ಬಂತು, ಸಾಲ ಬಂತು, ಹೆಂಡತಿ ಬಂದಳು. ಅಳುವುದಕ್ಕೆ ಮಾತ್ರ ಪುರುಸೊತ್ತು ಬರಲಿಲ್ಲ. ಹಲವು ವಾರ ನಾವು ಲೈಂಗಿಕತೆಯ ಮಾತೇ ಎತ್ತಲಿಲ್ಲ. ಅಪ್ಪನ ಬಗ್ಗೆ ಮಾತಾಡಿದೆವು. ಈ ಮದುವೆ ಹಿರಿಯರದೋ ನಿಮ್ಮದೋ ಅಂತ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಆಗ ಅವರದು. ಈಗ ನಂದs ಅನಸ್ತದ್ರಿ, ಆಕಿ ಛಲೋ ಅದಾಳ" ಅಂದ.

ಆಷಾಢ ಕಳೆದ ಮೇಲೆ ಆಕೆಯನ್ನೂ ಕರೆದುಕೊಂಡು ಬಂದ. ಆಕೆ ಹೇಳಿದ್ದು: "ಇವರಿಗೆ ನನ್ನ ಮ್ಯಾಲೆ ಮನಸಿಲ್ಲ ಅನ್ಕೊಂಡಿದ್ನಿರಿ." ಆತನಿಗೆ ಅದು ಗೊತ್ತೇ ಇರಲಿಲ್ಲ. ತನ್ನ ಪರೀಕ್ಷೆಯನ್ನು ತಾನೇ ಬರೆದು ತಾನೇ ತಿದ್ದುವುದರಲ್ಲಿ ಮುಳುಗಿದ್ದ. ಸುಖಕ್ಕೆ ಹಟ ಹಿಡಿದಷ್ಟೂ ಅದು ಕೈ ತಪ್ಪುತ್ತದೆ, ತನ್ನನ್ನೇ ನೋಡಿಕೊಳ್ಳುವುದು ಬಿಟ್ಟು ಎದುರಿಗಿರುವವರ ಕಡೆ ನೋಡಬೇಕು ಅಂತ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಹೇಳಿದ್ದು ಇದನ್ನೇ. ಹಾಗಾಗಿ ಕೆಲವು ವಾರ ಸಂಭೋಗ ಬೇಡವೇ ಬೇಡ ಅಂತ ಇಬ್ಬರಿಗೂ ಹೇಳಿದೆ. ಬರೀ ಸ್ಪರ್ಶ, ಮಾತು. ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ವಿವರಿಸಿದ ಅಭ್ಯಾಸ ಅದು. ಮಂಚವನ್ನೂ ಬದಲಿಸಿದರು, ಅದು ಆಕೆಯ ಐಡಿಯಾ. ನಿಷೇಧವನ್ನು ಅವರು ಅವಧಿಗೆ ಮೊದಲೇ ಮುರಿದರು. ನನಗೆ ಆಶ್ಚರ್ಯವಾಗಲಿಲ್ಲ.

ನಮ್ಮೂರಿನ ಸಪ್ತಾಪುರದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಕೋಚಿಂಗ್ ಹುಡುಗರದು ಬೇರೆ ಕಥೆ. "ಪೋರ್ನ್ ಚಟ ಹತ್ತಿದೆ" ಅಂತ ಬರುತ್ತಾರೆ. ಬರೀ ಪಾಪ ಅನ್ನಿಸಿದ ಮಾತ್ರಕ್ಕೆ ಅದು ರೋಗವಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಕೂಡ ಹಾಗೇ ಹೇಳುತ್ತದೆ. ಯಾವಾಗ ನೋಡುತ್ತೀರಿ ಅಂತ ಕೇಳಿದರೆ, ನೇಮಕಾತಿ ಮುಂದೆ ಹೋದ ಸುದ್ದಿ ಬಂದ ದಿನ, ಊರಿಂದ ಅಪ್ಪ ಫೋನ್ ಮಾಡಿದ ಮೇಲೆ. ಇಂಥವರ ಜೊತೆ ಪರೀಕ್ಷೆಯ ಆಚೆಗಿನ ಬದುಕಿನ ಮಾತೇ ಜಾಸ್ತಿ.

ಇನ್ನೊಬ್ಬರಿಗೆ ಲೈಂಗಿಕ ಕಿರುಕುಳ ಕೊಟ್ಟವರ ಜೊತೆ ಕೂರುವುದು ಕಷ್ಟ. ಯಾಕೆ ಕೂರುತ್ತೀರಿ ಅಂತ ಗೆಳೆಯರೇ ಕೇಳುತ್ತಾರೆ. ಆತ ಬದಲಾಗದಿದ್ದರೆ ನಾಳೆ ಇನ್ನೊಬ್ಬಳಿಗೆ ತೊಂದರೆ ಅಲ್ವಾ? ಮೊದಲ ದಿನವೇ ಒಂದು ಮಾತು ಖಡಕ್ಕಾಗಿ ಹೇಳಿಬಿಡುತ್ತೇನೆ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಇದ್ದರೆ ಗುಟ್ಟು ಉಳಿಯುವುದಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು.

ಬಸ್ಸಿನಲ್ಲಿ ಹೆಣ್ಣುಮಕ್ಕಳ ಮೈಮುಟ್ಟಿ ಸಿಕ್ಕಿಬಿದ್ದ ಒಬ್ಬನನ್ನು ಅವನ ಅಣ್ಣ ಕರೆತಂದಿದ್ದ. ಒಳ್ಳೆ ಕೆಲಸ, ಹೆಂಡತಿ, ಮಗಳು. "ಗದ್ದಲ ಇತ್ರಿ, ತಲಿ ಕೆಟ್ಟು ಆಗಿಹೋತು" ಅಂದ. ನಾನು ವಾದ ಮಾಡಲಿಲ್ಲ. ಆ ಸಂಜೆ ಆಫೀಸು ಬಿಟ್ಟಾಗಿನಿಂದ ಒಂದೊಂದೇ ನಿಮಿಷ ಹೇಳಿ ಅಂದೆ. ಚಿಗರಿ ಬಸ್ ನಿಲ್ದಾಣಕ್ಕೆ ಬಂದೆ, ಅಂದ. ಬಸ್ ಬಂತು. ಹತ್ತಿದಿರಾ? ಇಲ್ಲ. ಯಾಕೆ? ಸೀಟು ಖಾಲಿ ಇದ್ದವು. ಮುಂದಿನದು? ಅದೂ ಖಾಲಿ. ಅಲ್ಲಿಗೆ ಅವನ ಮಾತು ನಿಂತಿತು. ಖಾಲಿ ಬಸ್ ಬಿಟ್ಟು ತುಂಬಿದ ಬಸ್ಸಿಗೆ ಕಾದವನು ತಲೆ ಕೆಟ್ಟವನಲ್ಲ, ಆಯ್ಕೆ ಮಾಡಿದವನು. ಅವನೇ ಅದನ್ನು ಕೇಳಿಸಿಕೊಂಡ. ಸ್ವಾತಂತ್ರ್ಯ ಅಂದರೆ ನನ್ನ ಕೆಲಸದಲ್ಲಿ ಇಷ್ಟೇ. ಬಿಟ್ಟ ಬಸ್ ಅವನದಾದರೆ, ನಾಳೆ ಹತ್ತುವ ಖಾಲಿ ಬಸ್ಸೂ ಅವನದೇ.

ಮಾತಿನ ಚಿಕಿತ್ಸೆಯೊಂದೇ ಇಂಥವರಿಗೆ ಸಾಲದು ಅಂತ ನನ್ನ ಅಭಿಪ್ರಾಯ. ಮನೋವೈದ್ಯರ ಹತ್ತಿರ ಕಳಿಸಿದೆ. ಗದ್ದಲದ ಬಸ್ ಹತ್ತುವಂತಿಲ್ಲ, ಮನಸ್ಸು ಆ ಕಡೆ ಎಳೆದ ದಿನ ಅಣ್ಣನಿಗೆ ಫೋನ್ ಮಾಡಬೇಕು ಅಂತ ಬರೆದು ಸಹಿ ಹಾಕಿಸಿದೆ. ಕೆಲಸದಲ್ಲಿ ಮೇಲಿನವರಿಂದ ಬೈಸಿಕೊಂಡ ದಿನವೇ ಹೀಗಾಗುತ್ತಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಕಾರಣ ಸಿಕ್ಕಿತು ಅಂತ ಅವನಿಗೆ ಸಮಾಧಾನ. "ಬೈಸಿಕೊಂಡವರೆಲ್ಲ ಹಿಂಗ ಮಾಡ್ತಾರೇನ್ರಿ?" ಅಂದೆ.

ಆ ದಿನ ಬಸ್ಸಿನಲ್ಲಿ ತಾನು ಮೈಮುಟ್ಟಿದ ಹೆಣ್ಣುಮಗಳನ್ನು ಹುಡುಕಿ ಕ್ಷಮೆ ಕೇಳಲೇ ಅಂತ ಒಮ್ಮೆ ಕೇಳಿದ. ಬೇಡ ಅಂದೆ. ಅವನ ಮನಸ್ಸು ಹಗುರಾಗಲಿ ಅಂತ ಆಕೆ ಮತ್ತೆ ಅವನ ಮುಖ ನೋಡಬೇಕಾಗಿಲ್ಲ. ಆಕೆ ದೂರು ಕೊಟ್ಟರೆ ಠಾಣೆಯಲ್ಲಿ ನಿಜ ಹೇಳಿ ಅಂದೆ. ಅವನ ಹೆಂಡತಿಗೆ ಇನ್ನೂ ಗೊತ್ತಿಲ್ಲ. ಅದನ್ನು ಯಾವಾಗ, ಹೇಗೆ ಹೇಳುತ್ತಾನೆ ಅನ್ನುವುದು ಈಗ ನಮ್ಮ ಮಾತುಕತೆಯ ವಿಷಯ.