‘ಪಾಪದವರು’ ಎಂಬುದಕ್ಕೆ ಇಂಗ್ಲಿಷ್ ಪದ ಯಾವುದು? ಕೆಟ್ಟ ನಡತೆಯ ಪದಗಳನ್ನೂ ಅವುಗಳ ವಿರುದ್ಧಪದಗಳನ್ನೂ ಕಲಿಯುವ ಬಗೆ

ಮುಂಬಯಿಯ ಉಪನಗರವೊಂದರಲ್ಲಿ ಭಾನುವಾರ ಮಧ್ಯಾಹ್ನ ನಾನು ನಡೆಸುವ ಇಂಗ್ಲಿಷ್ ಪಾಠಕ್ಕೆ ಬರುವವರಲ್ಲಿ ಹೆಚ್ಚಿನವರು ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು. ಅವರಲ್ಲೊಬ್ಬರು ತಮ್ಮ ಹಳೆಯ ಧಣಿಯ ಬಗ್ಗೆ ನಾಲ್ಕು ಸಾಲು ಬರೆಯುವಾಗ ‘ಅವರು ತುಂಬಾ ಪಾಪದವರು’ ಎಂಬುದನ್ನು ‘ಹೀ ಈಸ್ ಎ ವೆರಿ ಸಿನ್‌ಫುಲ್ ಮ್ಯಾನ್’ ಎಂದು ಬರೆದಿದ್ದರು. ನಮ್ಮ ಕಡೆ ಪಾಪದವರೆಂದರೆ ಯಾರ ತಂಟೆಗೂ ಹೋಗದ ಸಾಧು ಮನುಷ್ಯರು. ಇಂಗ್ಲಿಷಿನ ‘ಸಿನ್‌ಫುಲ್’ ಎಂದರೆ ಪಾಪಕೃತ್ಯಗಳಲ್ಲಿ ಮುಳುಗಿದವನು. ‘ಜೆಂಟಲ್’ ಎಂದೋ ‘ಹಾರ್ಮ್‌ಲೆಸ್’ ಎಂದೋ ಬರೆಯಬೇಕೆಂದು ತಿಳಿಸಿದಾಗ, ‘ಅಷ್ಟು ಒಳ್ಳೆಯವರಿಗೆ ಹೀಗೆ ಬರೆದುಬಿಟ್ಟೆನಲ್ಲ, ಮಾಷ್ಟ್ರೇ’ ಎಂದು ಅವರು ಹಾಳೆಯನ್ನೇ ಹರಿಯಲು ಹೊರಟರು. ನಾನು ತಡೆದು, ತಪ್ಪಿದ ಸಾಲನ್ನು ಹಾಗೆಯೇ ಉಳಿಸಿ ಅದರ ಕೆಳಗೆ ಸರಿಯಾದುದನ್ನು ಬರೆಸಿದೆ.

ಕೆಟ್ಟ ನಡತೆಯ ಪದಗಳನ್ನು ನಿಘಂಟಿನ ಕ್ರಮದಲ್ಲಿ ಬಾಯಿಪಾಠ ಮಾಡುವುದಕ್ಕಿಂತ, ಒಂದು ಕೃತ್ಯವನ್ನು ಎದುರಿಗಿಟ್ಟುಕೊಂಡು ‘ಇಲ್ಲಿ ಮುರಿದದ್ದು ಏನು?’ ಎಂದು ಕೇಳಿಕೊಳ್ಳುವುದು ಮೇಲು. ಕನ್ನಡದಲ್ಲಿ ‘ಮೋಸ’ ಎಂಬ ಒಂದೇ ಪದಕ್ಕೆ ನಾವು ಹೊರಿಸುವ ಭಾರವನ್ನು ಇಂಗ್ಲಿಷ್ ಹಲವು ಪದಗಳಿಗೆ ಹಂಚಿರುವುದರಿಂದ, ಮುರಿದದ್ದು ನಿಯಮವೋ ನಂಬಿಕೆಯೋ ಕಾನೂನೋ ಎಂಬುದು ತಿಳಿಯದೆ ಸರಿಯಾದ ಪದ ಕೈಗೆ ಸಿಗುವುದಿಲ್ಲ. ಹೋಟೆಲಿನ ಗಲ್ಲಾವನ್ನೇ ತೆಗೆದುಕೊಳ್ಳಿ. ಗಿರಾಕಿಯೊಬ್ಬ ಯಾರೂ ಇಲ್ಲದಾಗ ಗಲ್ಲಾದಿಂದ 500 ರೂಪಾಯಿ ಎತ್ತಿಕೊಂಡರೆ ಅದು ‘ಸ್ಟೀಲ್’. ಅದೇ ಹಣವನ್ನು ಗಲ್ಲಾ ಕಾಯಬೇಕಾದ ಕ್ಯಾಷಿಯರನೇ ಜೇಬಿಗಿಳಿಸಿದರೆ ‘ಎಂಬೆಜಲ್’, ಏಕೆಂದರೆ ಆ ಹಣವನ್ನು ನಂಬಿ ಅವನ ವಶಕ್ಕೆ ಕೊಡಲಾಗಿತ್ತು. ಅಪರಿಚಿತನೊಬ್ಬ ಬಂದು ಹಣ ದುಪ್ಪಟ್ಟು ಮಾಡಿಕೊಡುತ್ತೇನೆಂದು ಹೇಳಿ ಮಾಯವಾದರೆ ‘ಸ್ವಿಂಡಲ್’. ಹಣವೇ ಕೈ ಬದಲಾಯಿಸದಿದ್ದರೂ, ಸುಳ್ಳನ್ನು ನಿಜವೆಂದು ನಂಬಿಸಿದರೆ ಸಾಕು, ಅದು ‘ಡಿಸೀವ್’. ಇಪ್ಪತ್ತು ವರ್ಷ ಜೊತೆಗಿದ್ದ ಪಾಲುದಾರ ಹೋಟೆಲನ್ನು ತನ್ನ ಹೆಸರಿಗೆ ಬರೆಸಿಕೊಂಡರೆ ಅದಕ್ಕೆ ‘ಬಿಟ್ರೇ’ ಎಂಬ ಪದವೇ ಬೇಕು. ಮೊದಲು ನಂಬಿಕೆ ಇರದಿದ್ದಲ್ಲಿ ಈ ಪದಕ್ಕೆ ಕೆಲಸವಿಲ್ಲ. ಗಲ್ಲಾದ ಈ ಉದಾಹರಣೆಯನ್ನು ನಾನು ಎರಡು ಭಾನುವಾರ ಎಳೆಯುತ್ತೇನೆ. ಈ ವ್ಯತ್ಯಾಸವನ್ನು ಕ್ಯಾಷಿಯರುಗಳಷ್ಟು ಬೇಗ ಹಿಡಿಯುವವರನ್ನು ನಾನು ಕಂಡಿಲ್ಲ.

ವಿರುದ್ಧಪದವನ್ನು ಹುಡುಕುವಾಗ ಕ್ರಿಯಾಪದವನ್ನು ಬಿಟ್ಟು ಗುಣವಾಚಕಕ್ಕೆ ಹೋಗಬೇಕು. ‘ಎಂಬೆಜಲ್’ ಮಾಡದಿರುವುದಕ್ಕೆ ಪ್ರತ್ಯೇಕ ಕ್ರಿಯಾಪದವಿಲ್ಲ, ಆದರೆ ಹಾಗೆ ಮಾಡದವನು ‘ಟ್ರಸ್ಟ್‌ವರ್ದಿ’. ‘ಬಿಟ್ರೇ’ ಮಾಡದವನು ‘ಲಾಯಲ್’. ‘ಡಿಸೀವ್’ ಮಾಡದವನು ‘ಟ್ರೂತ್‌ಫುಲ್’. ನಮ್ಮ ‘ನಿಯತ್ತು’ ಈ ಮೂರನ್ನೂ ಒಳಗೊಳ್ಳುವುದರಿಂದ, ಆ ಪದ ಕಿವಿಗೆ ಬಿದ್ದಾಗ ಯಾವ ಅರ್ಥದಲ್ಲಿ ಬಂದಿದೆ ಎಂದು ಒಂದು ಕ್ಷಣ ನಿಂತು ನೋಡುವುದು ಒಳ್ಳೆಯದು.

ಉಪಸರ್ಗಗಳ ಸಂಗತಿ ಇಷ್ಟು ಸೂಕ್ಷ್ಮವಲ್ಲ. ನೀತಿ–ಅನೀತಿ, ನ್ಯಾಯ–ಅನ್ಯಾಯ ಎಂದು ನಾವು ಮಾಡುವ ಕೆಲಸವನ್ನೇ ಲ್ಯಾಟಿನ್ ಮೂಲದ ‘ಇನ್’ ಮಾಡುತ್ತದೆ. ಮುಂದೆ ಮ ಅಥವಾ ಪ ಬಂದರೆ ಅದು ‘ಇಮ್’ ಆಗಿ ‘ಇಮ್ಮಾರಲ್’, ‘ಇಂಪ್ರಾಪರ್’ ಎಂದೂ, ಲ ಬಂದರೆ ‘ಇಲ್’ ಆಗಿ ‘ಇಲ್ಲೀಗಲ್’ ಎಂದೂ, ರ ಬಂದರೆ ‘ಇರ್’ ಆಗಿ ‘ಇರ್ರೆಸ್ಪಾನ್ಸಿಬಲ್’ ಎಂದೂ ರೂಪ ಪಡೆಯುತ್ತದೆ. ಇದನ್ನು ಸಂಧಿಯಂತೆಯೇ ಭಾವಿಸಿದರೆ ಸಾಕು. ‘ಆನೆಸ್ಟ್’, ‘ಲಾಯಲ್’ ಪದಗಳು ‘ಡಿಸ್’ ಅನ್ನು, ‘ಕೈಂಡ್’, ‘ಫೇತ್‌ಫುಲ್’, ‘ಎಥಿಕಲ್’ ಪದಗಳು ‘ಅನ್’ ಅನ್ನು ಮುಂದಿಟ್ಟುಕೊಳ್ಳುತ್ತವೆ. ಇಲ್ಲಿ ಕಾರಣ ಕೇಳುವುದಕ್ಕಿಂತ ಜೋಡಿಯಾಗಿಯೇ ನೆನಪಿಡುವುದು ಸುಲಭ. ‘ಆನೆಸ್ಟ್’ ಪದದ ಮೊದಲ ಅಕ್ಷರ ಉಚ್ಚಾರಣೆಯಲ್ಲಿ ಇಲ್ಲವಾದ್ದರಿಂದ ಅದರ ಹಿಂದೆ ‘ಎ’ ಬರುವುದಿಲ್ಲ, ‘ಆ್ಯನ್’ ಬರುತ್ತದೆ.

ಮುಗ್ಗರಿಸುವ ಜಾಗಗಳು ಬೇರೆಯೇ ಇವೆ. ‘ಮರ್ಸಿಫುಲ್’ ಎಂದರೆ ದಯಾಳು, ‘ಮರ್ಸಿಲೆಸ್’ ಎಂದರೆ ನಿರ್ದಯಿ ಎಂದು ಕಲಿತವರು, ‘ಶೇಮ್‌ಫುಲ್’ ಮತ್ತು ‘ಶೇಮ್‌ಲೆಸ್’ ಪದಗಳನ್ನೂ ವಿರುದ್ಧಪದಗಳೆಂದು ಬಗೆಯುತ್ತಾರೆ. ಎರಡೂ ಬೈಗುಳವೇ: ಮೊದಲನೆಯದು ನಾಚಿಕೆಗೇಡಿನ ಕೆಲಸಕ್ಕೆ, ಎರಡನೆಯದು ನಾಚಿಕೆಯೇ ಇಲ್ಲದ ಮನುಷ್ಯನಿಗೆ ಸಲ್ಲುತ್ತದೆ. ‘ಇನ್‌ಫೇಮಸ್’ ಎಂದರೆ ಹೆಸರಿಲ್ಲದವನಲ್ಲ, ಕುಖ್ಯಾತ. ‘ಜಸ್ಟ್’ ಪದದ ವಿರುದ್ಧ ‘ಅನ್‌ಜಸ್ಟ್’, ಆದರೆ ನಾಮಪದವಾದಾಗ ‘ಇನ್‌ಜಸ್ಟಿಸ್’. ‘ಇಮ್ಮಾರ್ಟಲ್’ ಎಂದರೆ ಅಮರ. ನಡುವಿನ ಒಂದು ಅಕ್ಷರ ಬಿಟ್ಟುಹೋದರೆ ಮಹಾತ್ಮರ ಜಯಂತಿಯ ಭಾಷಣ ಅವರನ್ನು ನೀತಿಗೆಟ್ಟವರನ್ನಾಗಿ ಮಾಡಿಬಿಡುತ್ತದೆ. ‘ಏಮಾರಲ್’ ಎಂಬ ಇನ್ನೊಂದು ಪದವಿದೆ. ನೀತಿಯನ್ನು ಅರಿತೂ ಮುರಿದವನು ‘ಇಮ್ಮಾರಲ್’, ಎಳೆಗೂಸಿನಂತೆ ನೀತಿಯ ಪರಿವೆಯೇ ಇಲ್ಲದವನು ‘ಏಮಾರಲ್’. ನಮ್ಮ ‘ಏಮಾರು’ ಎಂಬುದಕ್ಕೂ ಇದಕ್ಕೂ ನಂಟಿಲ್ಲ, ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ನಮ್ಮ ದುರ್ಜನ–ಸಜ್ಜನ, ದುರಾಚಾರ–ಸದಾಚಾರಗಳಂಥ ಜೋಡಿಗಳು ಲ್ಯಾಟಿನ್ನಿನ ‘ಮಾಲೆ’, ‘ಬೆನೆ’ ಎಂಬ ಮೂಲಗಳಿಂದಲೂ ಹುಟ್ಟಿವೆ. ಕೇಡು ಬಯಸುವವನು ‘ಮಲೆವಲೆಂಟ್’, ಒಳಿತು ಬಯಸುವವನು ‘ಬೆನೆವಲೆಂಟ್’. ಸಂಘದ ಕಟ್ಟಡಕ್ಕೆ ಹಣ ಕೊಟ್ಟವರನ್ನು ನಾವು ‘ಬೆನಿಫ್ಯಾಕ್ಟರ್’ ಎನ್ನುತ್ತೇವಲ್ಲ, ಅದೇ ಕುಟುಂಬದ ಪದ. ‘ವೈಸ್’ ಎಂದರೆ ದುರ್ಗುಣ, ಅದರ ಎದುರು ‘ವರ್ಚು’. ಆದರೆ ಸಂಘದ ವೈಸ್ ಪ್ರೆಸಿಡೆಂಟರು ನಿಶ್ಚಿಂತರಾಗಿರಬಹುದು, ಅವರ ‘ವೈಸ್’ ಬೇರೊಂದು ಲ್ಯಾಟಿನ್ ಮೂಲದಿಂದ ಬಂದದ್ದು.

ಪದಗಳನ್ನು ನೆನಪಿನಲ್ಲಿ ಪೋಣಿಸಲು ಅರಿಷಡ್ವರ್ಗಕ್ಕಿಂತ ಒಳ್ಳೆಯ ದಾರ ನಮಗೆ ಬೇರೆ ಬೇಕಿಲ್ಲ, ಆದರೆ ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇಲ್ಲಿ ಮರಾಠಿ ಅಡ್ಡ ಬರುತ್ತದೆ. ಮರಾಠಿ ಪತ್ರಗಳ ಕೊನೆಯಲ್ಲಿ ‘ಲೋಭ ಅಸಾವಾ’ ಎಂದಿದ್ದರೆ ಅದು ಪ್ರೀತಿ ಇರಲಿ ಎಂಬ ಬಿನ್ನಹ. ನಮ್ಮಲ್ಲಿ ಲೋಭ ಎಂದರೆ ಅತಿಯಾಸೆ, ಇಂಗ್ಲಿಷಿನಲ್ಲಿ ‘ಗ್ರೀಡ್’ ಅಥವಾ ‘ಅವರಿಸ್’, ಅದರ ಎದುರು ‘ಜೆನರಾಸಿಟಿ’. ಮರಾಠಿಯ ‘ರಾಗ’ ನಮ್ಮ ಕ್ರೋಧ. ಇಂಗ್ಲಿಷಿನ ‘ರಾತ್’, ಎದುರು ‘ಪೇಶನ್ಸ್’. ಕಾಮದ ಕೆಟ್ಟ ಮುಖ ‘ಲಸ್ಟ್’, ಎದುರು ‘ಚಾಸ್ಟಿಟಿ’. ಮದ ‘ಆ್ಯರಗನ್ಸ್’, ಎದುರು ‘ಹ್ಯುಮಿಲಿಟಿ’. ಇಲ್ಲಿ ‘ಪ್ರೈಡ್’ ಬಳಸುವವರು ಎಚ್ಚರದಿಂದಿರಬೇಕು, ಏಕೆಂದರೆ ಮಗಳು ಹತ್ತನೆಯ ತರಗತಿಯಲ್ಲಿ ಪಾಸಾದಾಗ ಆಗುವ ಹೆಮ್ಮೆಗೂ ಅದೇ ಪದವಿದೆ. ಮೋಹಕ್ಕೆ ಒಂದೇ ಪದ ಸಿಗದು; ಸಂದರ್ಭ ನೋಡಿ ‘ಅಟ್ಯಾಚ್‌ಮೆಂಟ್’, ‘ಇನ್‌ಫ್ಯಾಚುಯೇಷನ್’, ‘ಡಿಲ್ಯೂಷನ್’ ಎಂಬವುಗಳಲ್ಲಿ ಆರಿಸಿಕೊಳ್ಳಬೇಕು. ಮತ್ಸರ ‘ಎನ್ವಿ’, ಅದರ ವಿರುದ್ಧಪದ ಮಾತ್ರ ಇಂಗ್ಲಿಷಿನಲ್ಲಿ ಸುಲಭವಾಗಿ ಕೈಗೆ ಬರುವುದಿಲ್ಲ.

ಬೀದಿಯ ಮಾತಿನಲ್ಲಿ ಮುಚ್ಚಿಟ್ಟ ಪದಗಳನ್ನೂ ಬಿಡಿಸಿ ನೋಡಬೇಕು. ‘ಚಾಯ್‌ಪಾನಿ’ ಎಂಬುದು ‘ಬ್ರೈಬ್’, ‘ಹಫ್ತಾ’ ಎಂಬುದು ‘ಎಕ್ಸ್‌ಟಾರ್ಶನ್’. ಮೊದಲನೆಯದರಲ್ಲಿ ಕೆಲಸ ಸಾಧಿಸುವ ಆಮಿಷವಿದೆ, ಎರಡನೆಯದರಲ್ಲಿ ಬೆದರಿಕೆ. ಲಂಚಕ್ಕೆ ಬಗ್ಗದವನು ‘ಇನ್‌ಕರಪ್ಟಿಬಲ್’. ಭ್ರಷ್ಟಾಚಾರ ತಡೆ ಕಾಯ್ದೆ 1988ರದು. 2018ರ ತಿದ್ದುಪಡಿಯ ಬಳಿಕ ಅದು ‘ಅನ್‌ಡ್ಯೂ ಅಡ್ವಾಂಟೇಜ್’ ಎಂಬ ಮಾತನ್ನು ಬಳಸುತ್ತದೆ, ಅಂದರೆ ಸಲ್ಲದ ಲಾಭ. ಎಲ್ಲರ ಬಾಯಲ್ಲಿರುವ ‘420’ ಎಂಬುದು 1860ರ ದಂಡ ಸಂಹಿತೆಯ ವಂಚನೆಯ ಕಲಮು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆ 318ನೆಯ ಕಲಮಿಗೆ ಹೋಗಿದ್ದರೂ ಬೈಗುಳ ಮಾತ್ರ ಹಳೆಯ ಸಂಖ್ಯೆಯಲ್ಲೇ ಉಳಿದಿದೆ.

ಇಂಥ ಪದಗಳನ್ನು ಕಲಿತ ಹುರುಪಿನಲ್ಲಿ ಕಂಡವರ ಮೇಲೆಲ್ಲ ಎಸೆಯಬಾರದು. ಹೌಸಿಂಗ್ ಸೊಸಾಯಿಟಿಯ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿಯನ್ನು ‘ಕರಪ್ಟ್’ ಎಂದು ಬರೆದವರಿಗೆ ಮಾನನಷ್ಟದ ನೋಟಿಸು ಬರಬಹುದು. ‘ರಿಪೇರಿ ಲೆಕ್ಕದ ರಸೀದಿಗಳು ಸಿಕ್ಕಿಲ್ಲ’ ಎಂದು ನಡೆದದ್ದನ್ನು ಮಾತ್ರ ಬರೆದರೆ ಅರ್ಥವೂ ಮುಟ್ಟುತ್ತದೆ, ಅಪಾಯವೂ ಕಡಿಮೆ. ಇಂಗ್ಲಿಷ್ ಪತ್ರಿಕೆಯ ನಗರ ಪುಟವನ್ನು ಓದುವಾಗ ‘ಅಲೆಜ್ಡ್’, ‘ಅಕ್ಯೂಸ್ಡ್’ ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ: ಆರೋಪವಷ್ಟೇ ಇದ್ದು ಇನ್ನೂ ಸಾಬೀತಾಗದ್ದು ‘ಅಲೆಜ್ಡ್’, ಆರೋಪ ಹೊತ್ತವನು ‘ಅಕ್ಯೂಸ್ಡ್’, ಅಪರಾಧ ಸಾಬೀತಾದವನು ‘ಕನ್ವಿಕ್ಟ್’, ಖುಲಾಸೆಯಾದವನು ‘ಅಕ್ವಿಟೆಡ್’. ಆನ್‌ಲೈನ್ ವಂಚನೆಯ ಸುದ್ದಿಗಳಲ್ಲಿ ‘ಡ್ಯೂಪ್ಡ್’ ಎಂಬ ಪದ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಅದು ಏಮಾರಿದವನ ಪಾಡನ್ನು ಹೇಳುತ್ತದೆ.

ಅಭ್ಯಾಸಕ್ಕೆ ನೂರು ಪುಟದ ಒಂದು ನೋಟ್ ಬುಕ್ ಸಾಕು. ಎಡಪುಟದಲ್ಲಿ ಕೆಟ್ಟ ಗುಣದ ಪದ, ಬಲಪುಟದಲ್ಲಿ ಅದರ ಎದುರು ಪದ, ಪ್ರತಿಯೊಂದರ ಕೆಳಗೆ ನೀವು ಕಣ್ಣಾರೆ ಕಂಡ ಘಟನೆಯ ಕುರಿತು ಒಂದು ವಾಕ್ಯ. ವಾರಕ್ಕೆ ಐದು ಜೋಡಿಗಿಂತ ಹೆಚ್ಚು ಬೇಡ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ದಿನ ಬಲಪುಟವನ್ನು ಮುಚ್ಚಿಕೊಂಡು ಎಡಪುಟವನ್ನು ಓದಬೇಕು, ಮರುದಿನ ಅದನ್ನು ತಿರುಗಿಸಬೇಕು. ಎದುರು ಪದ ಸಿಗದವುಗಳಿಗೆ ಕೊನೆಯ ಪುಟವನ್ನು ಖಾಲಿ ಬಿಡಿ. ನಮ್ಮ ತರಗತಿಯಲ್ಲಿ ಆ ಪುಟದ ಮೊದಲ ಸಾಲಿನಲ್ಲಿ ‘ಎನ್ವಿ’ ಇದೆ. ಪಾಪದ ಧಣಿಯ ಬಗ್ಗೆ ಬರೆದಿದ್ದವರೇ ಮೊನ್ನೆ ಅದರ ಎದುರು ‘ಗ್ಲ್ಯಾಡ್ ಫಾರ್ ಅದರ್ಸ್’ ಎಂದು ಪೆನ್ಸಿಲಿನಲ್ಲಿ ಬರೆದು, ಒಂದು ಪದದ ಬದಲು ಮೂರು ಪದ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ ಎಂದು ಹೇಳಿ, ಪೆನ್ನಿನಲ್ಲಿ ಬರೆಸಿದ್ದೇನೆ.